ನಾಲ್ಕನೆಯ ಚುಕ್ಕೆ

ಜನವರಿ ೯

ಪ್ರೀತಿಯ ಕತ್ತರಿ,

‘ಒಳಗೆ ಬರಲು ನಿನಗೆ ಬಾಗಿಲೇ ಬೇಕಿತ್ತೆ?’ ಈ ಸಾಲು ಎರಡು ದಿನದಿಂದ ತಲೆಯೊಳಗೆ ಸುತ್ತುತ್ತಿದೆ. ಹೀಗೇ ಇತ್ತೆ ಅದು? ಅಥವಾ ‘ಒಳಗೆ ಬರಲು ನಿನಗೆ ಬಾಗಿಲು ಬೇಕಿರಲಿಲ್ಲ’ ಎಂದಿತ್ತೆ? ನಮ್ಮ ಹಾಸ್ಟೆಲಿನ ಕೈಬರಹದ ಪತ್ರಿಕೆಯಲ್ಲಿ ಮೂಲೆ ಕೋಣೆಯ ಸೀನಿಯರ್ ಹುಡುಗಿ ಬರೆದದ್ದು. ಮುಂದಿನ ಸಾಲು ನನಗೆ ಸುತಾರಾಂ ನೆನಪಿಲ್ಲ. ‘ಪದ್ಯ’ ಅಂತ ಅಡ್ಡಹೆಸರು ಹೊತ್ತವಳಿಗೇ ಪದ್ಯ ಮರೆತರೆ ಹೇಗೆ ಅಂತ ನಗಬೇಡ. ಇಡೀ ಹಾಸ್ಟೆಲಿನ ಹುಡುಗಿಯರ ಕೂದಲು ಕತ್ತರಿಸಿ ಹೆಸರು ಸಂಪಾದಿಸಿದವಳು ನೀನು, ಈಗ ನಿನಗೆ ಕೂದಲು ಕತ್ತರಿಸಲು ಬರುತ್ತದೋ ಇಲ್ಲವೋ ಯಾರಿಗೆ ಗೊತ್ತು.

ವಿಷಯಕ್ಕೆ ಬರುತ್ತೇನೆ. ಇವರಿಗೆ ಬೆನ್ನುನೋವು ಅಂತ ಸ್ಕ್ಯಾನ್ ಮಾಡಿಸಿದೆವು. ಬೆನ್ನಿನಲ್ಲಿ ಏನೂ ಇಲ್ಲ. ಮೇದೋಜೀರಕ ಗ್ರಂಥಿಯ ಬಾಲದ ತುದಿಯಲ್ಲಿ ಅಂಗಿಯ ಗುಂಡಿಯಷ್ಟು ಒಂದು ಗಡ್ಡೆ. ನಿಧಾನವಾಗಿ ಬೆಳೆಯುವ ಜಾತಿಯದಂತೆ. ಅವಸರವಿಲ್ಲ, ಆದರೆ ತೆಗೆಸಬೇಕು ಎಂದರು. ಹೇಳಿದ್ದು ಯಾರು ಗೊತ್ತೆ? ನಿನ್ನ ಮೇಷ್ಟ್ರು. ನಿನಗೆ ಚಾಕು ಹಿಡಿಯುವುದನ್ನು ಕಲಿಸಿದ ಅದೇ ಹಿರಿಯ ಸರ್ಜನ್, ಈಗ ನಮ್ಮ ಊರಿನ ಆಸ್ಪತ್ರೆಯಲ್ಲಿದ್ದಾರೆ.

ಇವರನ್ನು ನೀನು ಬಲ್ಲೆ. ಇಪ್ಪತ್ತೆಂಟು ವರ್ಷ ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಕಲ್ಲು ಪರೀಕ್ಷೆ ಮಾಡಿದ ಇನ್ಸ್‌ಪೆಕ್ಟರ್. ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ “ಈ ಆಪರೇಷನ್ ಎಷ್ಟು ಮಾಡಿದ್ದೀರಿ ಸಾರ್?” ಅಂದರು. ನನಗೆ ನಾಚಿಕೆಯಾಯಿತು. ಮೇಷ್ಟ್ರು ಬೇಜಾರು ಮಾಡಿಕೊಳ್ಳದೆ ಮೇಜಿನ ಖಾನೆಯಿಂದ ಉದ್ದನೆಯ ಪುಸ್ತಕ ತೆಗೆದು, ಬೆರಳಿಟ್ಟು ನೋಡಿ, “ಇನ್ನೂರ ಹನ್ನೆರಡು. ಅದರಲ್ಲಿ ಒಂಬತ್ತು ಜನ ಮನೆಗೆ ಹೋಗಲಿಲ್ಲ” ಅಂದರು. ಹೊರಗೆ ಬಂದ ಮೇಲೆ ಇವರ ಮುಖ ನೋಡಬೇಕಿತ್ತು. “ಮನುಷ್ಯ ಅಂದ್ರೆ ಇವರಪ್ಪ! ತಕ್ಕಡೀಲಿ ಇಟ್ಟ ಹಾಗೆ ಹೇಳಿದ್ರು” ಅಂತ ಖುಷಿ. ಒಂಬತ್ತು ಜನ ಸತ್ತ ಸುದ್ದಿ ಕೇಳಿ ನೆಮ್ಮದಿಪಡುವ ಗಂಡನನ್ನು ಕಟ್ಟಿಕೊಂಡಿದ್ದೇನೆ.

ಆದರೆ ನನಗೆ ನೆಮ್ಮದಿಯಿಲ್ಲ. ಎದೆಗೂಡಿನ ಕೆಳಗಿನಿಂದ ಹೊಕ್ಕುಳದ ತನಕ ಕೊಯ್ಯುತ್ತಾರಂತೆ. ಮೇಷ್ಟ್ರು ತಮ್ಮ ಕೋಟಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದಾಗ ನಾನು ಕಿಟಕಿ ಕಡೆ ತಿರುಗಿದೆ. ನೀನೇನು ಹೇಳುತ್ತೀಯ? ಫೋನಿನಲ್ಲಿ ನೀನು ಸಿಗುವುದಿಲ್ಲ, ಸಿಕ್ಕರೂ ಹಿಂದೆ ಯಾರಾದರೂ ಕರೆಯುತ್ತಿರುತ್ತಾರೆ. ಅದಕ್ಕೆ ನಮ್ಮ ಹಳೆಯ ಚಟಕ್ಕೇ ಬಂದೆ. ಎಂಟು ವರ್ಷದಿಂದ ನಮ್ಮ ಕಾಗದಗಳು ಹೊಸ ವರ್ಷದ ಕಾರ್ಡಿನಷ್ಟಕ್ಕೆ ಇಳಿದಿವೆ. ನೀನು ಭಾಷಣ ತಿದ್ದಿಕೊಡು ಅಂತ ಕಳಿಸಿದಾಗ ಮಾತ್ರ ನಾಲ್ಕು ಸಾಲು ಹೆಚ್ಚು. ತಕ್ಷಣ ಬರಿ.

ನಿನ್ನ
ಪದ್ಯ

ಜನವರಿ ೧೪

ಪದ್ಯಾ,

ಕಾಗದ ಕೈಗೆ ಬಂದ ದಿನವೇ ಉತ್ತರ. ಬೇರೆ ಯಾರಿಗೂ ನಾನು ಹೀಗೆ ಮಾಡುವುದಿಲ್ಲ.

ಮೊದಲು ಸಾಲಿನ ವಿಷಯ. ‘ಬಾಗಿಲು ಬೇಕಿರಲಿಲ್ಲ’ ಅಂತಲೇ ಇತ್ತು, ನನಗೆ ಖಂಡಿತ ನೆನಪಿದೆ. ಈಗ ನನ್ನ ಕೆಲಸವೂ ಅದೇ. ಭಾವನಿಗೆ ಆ ಉದ್ದನೆಯ ಗೀರು ಬೇಡ. ನಾಲ್ಕು ಸಣ್ಣ ತೂತು. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಪೆನ್ನಿನಷ್ಟು ದಪ್ಪದ ಸಲಕರಣೆ. ಪರದೆಯ ಮೇಲೆ ಒಳಗಿನದೆಲ್ಲ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಮೇಷ್ಟ್ರು ಕೈ ಹಾಕಿ ತಡಕಾಡುವುದನ್ನು ನಾನು ಕಣ್ಣಿನಿಂದ ನೋಡಿ ಮಾಡುತ್ತೇನೆ. ಐದನೇ ದಿನ ನಡೆದುಕೊಂಡು ಮನೆಗೆ ಹೋಗಬಹುದು.

ಮೇಷ್ಟ್ರ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ವಯಸ್ಸಿನವರಿಗೆಲ್ಲ ಒಂದೇ ಹಠ. ‘ಮೇದೋಜೀರಕ ಆಟದ ಸಾಮಾನಲ್ಲ, ತೂತಿನಲ್ಲಿ ಇಣುಕಬೇಡಿ’ ಅಂತ ಸಭೆಗಳಲ್ಲಿ ಎದ್ದು ನಿಂತು ಹೇಳುತ್ತಾರೆ. ಪಿತ್ತಕೋಶಕ್ಕೂ ಹಿಂದೆ ಹೀಗೇ ಅಂದಿದ್ದರು. ಈಗ ಅದಕ್ಕೆ ಹೊಟ್ಟೆ ಕೊಯ್ದರೆ ಜನ ನಗುತ್ತಾರೆ.

ಅವರನ್ನು ನನ್ನ ಹತ್ತಿರ ಕರೆದುಕೊಂಡು ಬಾ. ನಿನಗೆ ಉಳಿಯಲು ನನ್ನ ಮನೆ ಇದೆ. ಎಷ್ಟು ವರ್ಷವಾಯಿತು ಪದ್ಯಾ, ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗಿ ಮಾತಾಡಿ?

ನಿನ್ನ
ಕತ್ತರಿ

ಜನವರಿ ೨೦

ಕತ್ತರಿ,

ನಿನ್ನ ಕೊನೆಯ ಸಾಲನ್ನು ಅರವತ್ತು ಸಲ ಓದಿದೆ. ನಿಜ ಹೇಳಬೇಕೆಂದರೆ ಗಡ್ಡೆಯನ್ನೇ ಒಂದು ಗಳಿಗೆ ಮರೆತೆ. ನೀನು ದೊಡ್ಡವಳಾದೆ, ನಾನು ಪಾಠ ಹೇಳುತ್ತಾ, ಬೇರೆಯವರ ಬರಹ ತಿದ್ದುತ್ತಾ ಉಳಿದೆ. ನಾವಿಬ್ಬರೂ ಗೆಳತಿಯರು ಅನ್ನುವುದು ನಾನೊಬ್ಬಳೇ ನಂಬಿಕೊಂಡ ಸಂಗತಿಯೇನೋ ಅನ್ನಿಸತೊಡಗಿತ್ತು.

ಆದರೆ ಇವರು ಒಪ್ಪುತ್ತಿಲ್ಲ. “ನಿನ್ನ ಡಾಕ್ಟರಮ್ಮ ಜಾಣೆ, ಇಲ್ಲ ಅನ್ನಲ್ಲ. ಈ ಆಪರೇಷನ್ನು, ಈ ತೂತಿನಲ್ಲಿ, ಎಷ್ಟು ಮಾಡಿದ್ದಾರೆ? ಅಷ್ಟು ಕೇಳು ಸಾಕು” ಅಂತ ಒಂದೇ ರಾಗ. “ಅವಳು ನನ್ನ ಗೆಳತಿ ಕಣ್ರೀ” ಅಂದರೆ, “ಗೆಳೆಯನ ಅಂಗಡಿ ತಕ್ಕಡೀನೂ ನಾನು ಪರೀಕ್ಷೆ ಮಾಡ್ತಿದ್ದೆ” ಅನ್ನುತ್ತಾರೆ.

ಸ್ಕ್ಯಾನ್ ಆದಾಗಿನಿಂದ ಇವರಿಗೆ ಊಟ ಸೇರುತ್ತಿಲ್ಲ, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ. ಕೆಳಗಿನ ಮನೆಯ ಟೈಲರ್ ಅಕ್ಕ ಮೆಟ್ಟಿಲ ಮೇಲೆ ನೋಡಿ, “ಏನಪ್ಪಾ, ಒಂದು ಕೈ ಯಾವಾಗಲೂ ಸೊಂಟದ ಮೇಲೆ, ಏನು ಪೋಲೀಸ್ ಆದ್ಯಾ?” ಅಂತ ಕಿಚಾಯಿಸಿದರು. ಇವರು ನಕ್ಕರು. ನಾನೂ ನಕ್ಕೆ. ಒಳಗೆ ಬಂದು ಬಾಗಿಲು ಹಾಕಿದ ಮೇಲೆ ನಗು ಎಲ್ಲಿ ಹೋಯಿತೋ.

ಸಂಖ್ಯೆ ಬರಿ. ಅವರಿಗೆ ಒಂದು ಸಂಖ್ಯೆ ಸಿಕ್ಕರೆ ಸಾಕು.

ಪದ್ಯ

ಜನವರಿ ೨೩

ಪದ್ಯಾ,

ಭಾವನಿಗೆ ಹೇಳು: ನಾನು ಹೊಟ್ಟೆಯೊಳಗೆ ಕೈಯಿಡಲು ಶುರುಮಾಡಿ ಇಪ್ಪತ್ತು ವರ್ಷವಾಯಿತು. ತೆರೆದು ಮಾಡಿದರೂ ತೂತಿನಲ್ಲಿ ಮಾಡಿದರೂ ಕೈ ಇದೇ ಕೈ. ನಿನ್ನ ಗಂಡನನ್ನು ಮುಟ್ಟುವ ಮೊದಲು ನಾನು ಯೋಚಿಸುವುದಿಲ್ಲವೆ? ಹತ್ತು ಮಂದಿ ನನ್ನ ಬಾಗಿಲಲ್ಲಿ ಕಾದು ನಿಂತಿದ್ದಾರೆ. ನಾನಾಗಿ ಕರೆದದ್ದು ನಿಮ್ಮೊಬ್ಬರನ್ನೇ.

ಫೆಬ್ರವರಿ ಆರರಂದು ಒಂದು ಅವಕಾಶವಿದೆ. ಅಂದು ಈ ವಿದ್ಯೆಯಲ್ಲಿ ತುಂಬ ಹೆಸರಾದ ಸರ್ಜನ್ ಒಬ್ಬರು ಹೊರಗಿನಿಂದ ನಮ್ಮಲ್ಲಿಗೆ ಬರುತ್ತಾರೆ. ಇಡೀ ಹೊತ್ತು ನನ್ನ ಪಕ್ಕದಲ್ಲಿ ನಿಂತಿರುತ್ತಾರೆ. ಎರಡು ಜೊತೆ ಕಣ್ಣು ಸಿಕ್ಕ ಹಾಗೆ. ಇಂಥದ್ದು ಎಲ್ಲರಿಗೂ ಸಿಗುವುದಿಲ್ಲ. ಅವರು ಮತ್ತೆ ಬರುವುದು ಮೂರು ತಿಂಗಳ ಮೇಲೆ. ಆದ್ದರಿಂದ ತಡ ಮಾಡಬೇಡ, ಐದನೇ ತಾರೀಖು ಬೆಳಿಗ್ಗೆ ಬಂದುಬಿಡಿ.

ಕತ್ತರಿ

ಜನವರಿ ೨೭

ಕತ್ತರಿ,

ಒಪ್ಪಿದರು. ಹೇಗೆ ಒಪ್ಪಿಸಿದೆ ಅಂತ ಕೇಳಬೇಡ. ಐದರ ಬೆಳಿಗ್ಗೆ ಬರುತ್ತೇವೆ. ಮೇಷ್ಟ್ರಿಗೆ ಹೇಳಲು ನನಗೆ ಧೈರ್ಯವಾಗಲಿಲ್ಲ, ಇವರೇ ಹೋಗಿ ಹೇಳಿ ಬಂದರು. “ಅವಳಾ? ಒಳ್ಳೆ ಕೈ. ಸ್ವಲ್ಪ ಅವಸರ” ಅಂದರಂತೆ, ಅಷ್ಟೇ.

ಪದ್ಯ

ಮಾರ್ಚ್ ೪

ಪದ್ಯಾ,

ಏನು ಬರೆಯಲಿ ಎಂದು ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ. ಭಾವ ತೀರಿಕೊಂಡ ದಿನ ನಾನು ಊರಿನಲ್ಲಿರಲಿಲ್ಲ ಅನ್ನುವುದು ನನ್ನನ್ನು ಕಾಡುತ್ತಿದೆ.

ಗ್ರಂಥಿಯನ್ನು ಕತ್ತರಿಸಿದ ಜಾಗದಲ್ಲಿ ಅದರ ರಸ ಸೋರುವುದು ಈ ಆಪರೇಷನ್ನಿನಲ್ಲಿ ಗೊತ್ತಿರುವ ತೊಂದರೆ. ತೆರೆದು ಮಾಡಿದರೂ ಆಗುತ್ತದೆ. ಸೋರಿದ ರಸ ಪಕ್ಕದ ರಕ್ತನಾಳವನ್ನು ತಿನ್ನುತ್ತದೆ. ಅದು ಒಡೆದರೆ ಹದಿನೇಳನೇ ದಿನವೂ ಒಡೆಯಬಹುದು. ನೂರರಲ್ಲಿ ಇಬ್ಬರಿಗೋ ಮೂವರಿಗೋ ಹೀಗಾಗುತ್ತದೆ. ಇದು ಯಾರ ಕೈಯಲ್ಲೂ ಇಲ್ಲ. ಆಪರೇಷನ್ ಮಧ್ಯೆ ರಕ್ತ ಬಂದು ಹೊಟ್ಟೆ ತೆರೆಯಬೇಕಾಗಿ ಬಂದದ್ದನ್ನು ಅಂದೇ ನಿನಗೆ ಹೇಳಿದ್ದೆ. ನಾವೆಲ್ಲ ಮಾಡಬಹುದಾದ್ದನ್ನೆಲ್ಲ ಮಾಡಿದೆವು.

ನಿನ್ನನ್ನು ನೋಡಲು ಬರುತ್ತೇನೆ, ಸ್ವಲ್ಪ ಬಿಡುವಾಗಲಿ.

ಕತ್ತರಿ

ಮಾರ್ಚ್ ೨೨

ಕತ್ತರಿ,

ನಿನ್ನ ಕಾಗದ ಬಂತು. ನಿನಗೆ ಸಮಾಧಾನ ಹೇಳಲು ಇದನ್ನು ಬರೆಯುತ್ತಿದ್ದೇನೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಯಾವ ಕೈಯಾದರೂ ಇಷ್ಟೇ ಮಾಡುತ್ತಿತ್ತು. ನಿನ್ನ ಬಾಗಿಲಲ್ಲಿ ಕಾದು ನಿಂತ ಹತ್ತು ಮಂದಿಯ ಹೊಟ್ಟೆಯ ಮುಂದೆ ನಿನ್ನ ಕೈ ನಡುಗಬಾರದು.

ಆಸ್ಪತ್ರೆಯಲ್ಲಿ ಹತ್ತನೆಯ ದಿನವೋ ಏನೋ, ಅಂಗಿ ಎತ್ತಿ ತೋರಿಸಿ, “ನಾಲ್ಕು ತೂತೂ ಇದೆ, ಉದ್ದನೆ ಗೀರೂ ಇದೆ. ಒಂದು ಕೊಂಡರೆ ಒಂದು ಉಚಿತ” ಅಂತ ಇವರು ನನ್ನನ್ನು ನಗಿಸಲು ನೋಡಿದ್ದರು. ಅದನ್ನು ನಿನಗೆ ಹೇಳಬೇಕು ಅನ್ನಿಸಿತು.

ಅವರ ಕನ್ನಡಕ, ಡೈರಿ, ತೂಕದ ಕಲ್ಲುಗಳ ಮರದ ಪೆಟ್ಟಿಗೆ ಎಲ್ಲ ಇದ್ದ ಜಾಗದಲ್ಲೇ ಇವೆ. ಪೆಟ್ಟಿಗೆಯ ಹಿತ್ತಾಳೆ ಕಲ್ಲುಗಳನ್ನು ಒಂದೊಂದಾಗಿ ತೆಗೆದು ಒರೆಸಿ ಮತ್ತೆ ಇಡುತ್ತೇನೆ. ಅವುಗಳಲ್ಲಿ ತೀರ ಚಿಕ್ಕದು ಒಂದು ಗ್ರಾಮಿನದು. ಅದು ಮಾತ್ರ ಬೆರಳಿಗೆ ಸಿಗುವುದೇ ಇಲ್ಲ.

ಬಾ, ಯಾವಾಗಲಾದರೂ.

ಪದ್ಯ

ನವೆಂಬರ್ ೧೧

ಕತ್ತರಿ,

ನೀನು ಬರಲಿಲ್ಲ. ನಿನ್ನ ಲೇಖನ ಬಂತು.

ಕಳಿಸಿದ್ದು ನೀನಲ್ಲ ಅಂತ ನನಗೆ ಗೊತ್ತು. ಲಕೋಟೆಯ ಮೇಲಿದ್ದದ್ದು ನಿನ್ನ ಸಹಾಯಕಿಯ ಅಕ್ಷರ. ಒಳಗೆ ಅವಳದೇ ಚೀಟಿ: ‘ಮೇಡಂ, ವೈದ್ಯರ ಸಂಘದ ಪತ್ರಿಕೆಗೆ. ಎಂದಿನಂತೆ ಭಾಷೆ ನೋಡಿಕೊಡಿ.’ ಹತ್ತೊಂಬತ್ತು ವರ್ಷದಿಂದ ನಿನ್ನ ಹೆಸರಿನಲ್ಲಿ ಅಚ್ಚಾದ ಕನ್ನಡವೆಲ್ಲ ನನ್ನ ಮೇಜಿನಿಂದಲೇ ಹೋದದ್ದು. ಈ ಒಂದನ್ನು ತಡೆಯಬೇಕು ಅಂತ ಅವಳಿಗೆ ಹೇಳಲು ನಿನಗೆ ಮರೆತಿದೆ. ಅಥವಾ, ಇದನ್ನೇ ನಾನು ಹೆಚ್ಚು ಯೋಚಿಸುತ್ತಿದ್ದೇನೆ, ತಡೆಯಬೇಕಾದದ್ದು ಅದರಲ್ಲಿ ಇದೆ ಅಂತಲೇ ನಿನಗೆ ಹೊಳೆದಿಲ್ಲ.

ತಿದ್ದಿದ್ದೇನೆ. ಈ ಕಾಗದದ ಜೊತೆಯಲ್ಲೇ ಇದೆ. ಹನ್ನೊಂದು ಕಡೆ ಕಾಗುಣಿತ, ಆರು ಕಡೆ ವಾಕ್ಯ. ಈಗ ನಾನು ಎಣಿಸುವುದನ್ನು ಕಲಿತಿದ್ದೇನೆ.

‘ಮೇದೋಜೀರಕ ಗ್ರಂಥಿಯ ಕಿರುರಂಧ್ರ ಶಸ್ತ್ರಚಿಕಿತ್ಸೆ: ನಾವು ಕಲಿತ ಬಗೆ.’ ಎರಡನೆಯ ಪುಟದಲ್ಲಿ ಒಂದು ಚಿತ್ರವಿದೆ. ಅಡ್ಡಕ್ಕೆ ರೋಗಿಗಳು, ಒಂದರಿಂದ ಇಪ್ಪತ್ತು. ಉದ್ದಕ್ಕೆ ಗಂಟೆಗಳು. ಇಪ್ಪತ್ತು ಚುಕ್ಕೆ. ಬಲಕ್ಕೆ ಹೋಗುತ್ತಾ ಹೋಗುತ್ತಾ ಚುಕ್ಕೆಗಳು ಇಳಿಯುತ್ತವೆ. ಇಪ್ಪತ್ತನೆಯವರಿಗೆ ಮೂರು ಗಂಟೆಯೂ ಇಲ್ಲ. ಒಂದು ಚುಕ್ಕೆ ಮಾತ್ರ ಎಲ್ಲರಿಗಿಂತ ಮೇಲೆ, ಒಂಟಿಯಾಗಿ, ಬೇರೆಯವರ ಸಹವಾಸ ಬೇಡವೆನ್ನುವ ಹಾಗೆ ನಿಂತಿದೆ. ನಾಲ್ಕನೆಯದು. ಏಳು ಗಂಟೆ ಇಪ್ಪತ್ತು ನಿಮಿಷ.

ನಿಮ್ಮ ಆಪರೇಷನ್ ಥಿಯೇಟರಿನ ಹೊರಗೆ ನೀಲಿ ಬಣ್ಣದ ಬೆಂಚಿದೆ. ಎದುರು ಗೋಡೆಯಲ್ಲಿ ಗಡಿಯಾರವಿದೆ. ಅದರ ಸೆಕೆಂಡ್ ಮುಳ್ಳು ಒಂಬತ್ತರ ಹತ್ತಿರ ಬಂದಾಗ ಒಂದು ಸಲ ತಡವರಿಸುತ್ತದೆ. ಇವರನ್ನು ಒಳಗೆ ಕರೆದುಕೊಂಡು ಹೋಗಿ, ಬಾಗಿಲ ಮೇಲಿನ ಕೆಂಪು ದೀಪ ಹತ್ತಿದ್ದು ಎಂಟು ಇಪ್ಪತ್ತಕ್ಕೆ. ಆರಿದ್ದು ಮೂರು ನಲವತ್ತಕ್ಕೆ. ನನ್ನ ಗಂಡನ ಹೆಸರು ನಿನ್ನ ಲೇಖನದಲ್ಲಿ ಇಲ್ಲ. ಇರಬೇಕಾಗಿಯೂ ಇಲ್ಲ. ಗುಂಪಿನಲ್ಲಿ ಬೆನ್ನು ನೋಡಿ ಗುರುತು ಹಿಡಿಯುವ ಹಾಗೆ ಹಿಡಿದೆ.

ನಾಲ್ಕನೆಯವರು.

ಅಲ್ಲಿಗೆ ನಿಂತಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಮೂರನೆಯ ಪುಟದಲ್ಲಿ ನೀನು ಬರೆದದ್ದು: ‘ಕಲಿಕೆಯ ಮೊದಲ ಹಂತಕ್ಕೆ ತೆಳು ಮೈಕಟ್ಟಿನ, ಗ್ರಂಥಿಯ ಬಾಲದಲ್ಲಿ ಚಿಕ್ಕ ಗಡ್ಡೆ ಇರುವ ರೋಗಿಗಳನ್ನು ಆರಿಸಿಕೊಳ್ಳಲಾಯಿತು. ತರಬೇತುದಾರರ ಭೇಟಿಯ ದಿನಗಳಿಗೆ ಇಂಥವರನ್ನು ಹೊಂದಿಸುವುದೇ ಸವಾಲಾಗಿತ್ತು.’ ತೆಳು ಮೈಕಟ್ಟು. ಬಾಲ. ಚಿಕ್ಕ ಗಡ್ಡೆ. ಅಂಗಿಯ ಗುಂಡಿಯಷ್ಟು ಅಂತ ನಾನೇ ನಿನಗೆ ಅಳತೆ ಬರೆದು ಕಳಿಸಿದ್ದೆನಲ್ಲ. ಕಾಗದ ಕೈಗೆ ಬಂದ ದಿನವೇ ಉತ್ತರ, ಬೇರೆ ಯಾರಿಗೂ ಹೀಗೆ ಮಾಡುವುದಿಲ್ಲ, ನಾನಾಗಿ ಕರೆದದ್ದು ನಿಮ್ಮೊಬ್ಬರನ್ನೇ... ಈಗ ಆ ಕಾಗದಗಳನ್ನು ಮತ್ತೆ ತೆಗೆದು ಓದಿದರೆ ಒಂದು ಅಕ್ಷರವೂ ಸುಳ್ಳಿಲ್ಲ. ನೀನು ಸುಳ್ಳು ಬರೆಯಲಿಲ್ಲ ಅನ್ನುವುದೇ ನನಗೆ ಸಹಿಸಲಾಗುತ್ತಿಲ್ಲ.

ಎಷ್ಟು ವರ್ಷವಾಯಿತು ಒಂದೇ ಕೋಣೆಯಲ್ಲಿ ಮಲಗಿ ಮಾತಾಡಿ ಅಂತ ಬರೆದೆ. ಆ ಸಾಲಿಗೆ ನಾನು ನನ್ನ ಗಂಡನನ್ನು ಕೊಟ್ಟೆ. ಅವಸರವಿಲ್ಲ ಅಂತ ಮೇಷ್ಟ್ರು ಹೇಳಿದ್ದರು. ಅವಸರವಿದ್ದದ್ದು ನಿನ್ನ ತರಬೇತುದಾರರ ತಾರೀಖಿಗೆ.

ನಾಲ್ಕನೆಯ ಚುಕ್ಕೆಗೆ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿದ್ದೇನೆ. ಅಚ್ಚಿಗೆ ಕೊಡುವಾಗ ಅಳಿಸಿಕೋ.

ಪದ್ಯ

ಡಿಸೆಂಬರ್ ೩

ಪದ್ಯಾ,

ಮೂರು ವಾರ ಬೇಕಾಯಿತು. ಐದು ಸಲ ಬರೆದು ಹರಿದೆ. ಈ ಸಲ ಹರಿಯುವುದಿಲ್ಲ.

ಹೌದು, ಭಾವ ನಾಲ್ಕನೆಯವರು. ಹೌದು, ನಾನು ಆರಿಸಿಕೊಂಡೆ. ಸುಲಭದ ರೋಗಿಯಿಂದ ಕಲಿಯಬೇಕು, ಕಷ್ಟದ ರೋಗಿಯಿಂದ ಅಲ್ಲ. ನಮಗೆ ಹಾಗೇ ಹೇಳಿಕೊಡುತ್ತಾರೆ, ಅದು ಸರಿಯೂ ಹೌದು. ನನ್ನ ಗೆಳತಿಯ ಗಂಡ ಸುಲಭದ ರೋಗಿಯಾದದ್ದು ಅದೃಷ್ಟ ಅಂತ ಅಂದು ನಾನು ನಿಜವಾಗಿ ನಂಬಿದ್ದೆ. ಆ ಗೀರಿನಿಂದ ಅವರನ್ನು ಉಳಿಸುತ್ತೇನೆ, ನೀನು ನನ್ನ ಮನೆಯಲ್ಲಿರುತ್ತೀಯ, ಎರಡೂ ಒಟ್ಟಿಗೆ ಆಗುತ್ತದೆ ಅಂತ. ಯಾವುದು ಮೊದಲು ಮನಸ್ಸಿಗೆ ಬಂತು ಅಂತ ಕೇಳಿದರೆ ನನಗೂ ಗೊತ್ತಿಲ್ಲ. ನಿನ್ನ ಕಾಗದ ಓದುವಾಗ ಮೇಜಿನ ಮೇಲೆ ಆ ಸರ್ಜನ್ನರ ಭೇಟಿಯ ಪಟ್ಟಿ ಇತ್ತು, ಇಷ್ಟು ಮಾತ್ರ ನಿಜ.

ಎಲ್ಲರೂ ‘ಎಷ್ಟು ಮಾಡಿದ್ದೀರಿ’ ಅಂತ ಕೇಳಿ ಇನ್ನೂರು ಮಾಡಿದವರ ಬಳಿಗೇ ಹೋದರೆ, ನಾಲ್ಕನೆಯದನ್ನು ಯಾರ ಮೇಲೆ ಮಾಡಬೇಕು ಹೇಳು? ಮೇಷ್ಟ್ರ ಉದ್ದನೆಯ ಪುಸ್ತಕವನ್ನು ನಾನು ಬಲ್ಲೆ. ನಾನು ಅವರ ಕೈಕೆಳಗೆ ಸೇರುವ ಮೊದಲಿನದು ಅದರಲ್ಲಿ ಇಲ್ಲ. ಕೈ ಪಳಗಿದ ಮೇಲೆ ಶುರು ಮಾಡಿದ ಪುಸ್ತಕ ಅದು. ಅವರ ನಾಲ್ಕನೆಯವರು ಯಾರು, ಏನಾದರು, ಯಾವ ಪುಟದಲ್ಲೂ ಸಿಗುವುದಿಲ್ಲ. ನನ್ನದು ಚಿತ್ರದಲ್ಲಾದರೂ ಇದೆ. ಹದಿನಾಲ್ಕನೆಯದರಿಂದ ಈಚೆಗೆ ಎಲ್ಲರೂ ಐದನೇ ದಿನ ನಡೆದು ಹೋಗಿದ್ದಾರೆ. ಹದಿನೇಳನೆಯವಳು ಒಬ್ಬ ಶಾಲಾ ಶಿಕ್ಷಕಿ, ಎರಡನೇ ವಾರಕ್ಕೆ ಪಾಠಕ್ಕೆ ಹೋದಳು. ಅವಳೂ ಒಬ್ಬರ ಮನೆಯವಳೇ.

ಇದೆಲ್ಲ ಸಭೆಯಲ್ಲಿ ಹೇಳುವ ಮಾತು. ಸಭೆಯಲ್ಲಿ ಹೇಳದ್ದನ್ನು ನಿನಗೆ ಹೇಳುತ್ತೇನೆ.

ತರಬೇತುದಾರರು ಒಂದೂವರೆಗೆ ಹೊರಟರು. ಅವರಿಗೆ ವಿಮಾನವಿತ್ತು. ಇಡೀ ಹೊತ್ತು ಇರುತ್ತಾರೆ ಅಂತ ನಾನು ನಿನಗೆ ಬರೆದಿದ್ದೆ, ಆಗ ನನಗೂ ಹಾಗೇ ಹೇಳಿದ್ದರು. ಅವರು ಹೋಗುವಾಗಲೇ ಗ್ರಂಥಿಯ ಬೆನ್ನಿಗಂಟಿದ ಗುಲ್ಮದ ರಕ್ತನಾಳದ ಹತ್ತಿರ ರಕ್ತ ಒಸರುತ್ತಿತ್ತು. ಕೈಗವಸು ಕಳಚುತ್ತಾ, “ತೆರೆಯಬೇಡಿ, ನಿಮಗೆ ಆಗುತ್ತೆ” ಅಂದರು. ಮಧ್ಯದಲ್ಲಿ ಹೊಟ್ಟೆ ತೆರೆದರೆ ಅದು ನಮ್ಮ ಲೆಕ್ಕದಲ್ಲಿ ಸೋಲು. ಮೊದಲ ಐದರಲ್ಲಿ ಎರಡು ಸೋಲಾದರೆ ಅವರು ಮತ್ತೆ ಬರುವುದಿಲ್ಲ, ಆಸ್ಪತ್ರೆ ಈ ಕಾರ್ಯಕ್ರಮವನ್ನೇ ನಿಲ್ಲಿಸುತ್ತದೆ. ಎರಡನೆಯ ರೋಗಿಯಲ್ಲಿ ಆಗಲೇ ಒಂದು ಸೋಲಾಗಿತ್ತು. ತೆರೆಯುವ ಸಾಮಾನಿನ ತಟ್ಟೆ ನನ್ನ ಎಡಗೈ ಹತ್ತಿರವೇ ಸಿದ್ಧವಿತ್ತು. ಸಿಸ್ಟರ್ ಎರಡು ಸಲ, “ಮೇಡಂ, ತಟ್ಟೆ ಕೊಡ್ಲಾ?” ಅಂತ ಕೇಳಿದಳು. ಎರಡು ಸಲವೂ “ಇನ್ನೈದು ನಿಮಿಷ” ಅಂದೆ. ನಾನು ತೆರೆದದ್ದು ಮೂರಕ್ಕೆ. ಆ ಒಂದೂವರೆ ಗಂಟೆ ನನ್ನದು, ಪದ್ಯಾ. ಅವರದಲ್ಲ, ಮೇಷ್ಟ್ರದಲ್ಲ, ಯಾರ ಕೈಯಲ್ಲೂ ಇಲ್ಲ ಅಂದೆನಲ್ಲ ಅದೂ ಅಲ್ಲ. ಬೇಗ ತೆರೆದಿದ್ದರೆ ಉಳಿಯುತ್ತಿದ್ದರು ಅಂತ ಪ್ರಮಾಣ ಮಾಡಲಾರೆ. ಉಳಿಯುತ್ತಿರಲಿಲ್ಲ ಅಂತಲೂ ಮಾಡಲಾರೆ.

ಇನ್ನೊಂದು ಮಾತು. ಬರೆಯಬಾರದು ಅಂದುಕೊಂಡಿದ್ದೆ. ನೀನು ಸಂಖ್ಯೆ ಕೇಳಿದೆ, ನಾನು ಕೊಡಲಿಲ್ಲ, ನಿಜ. ನಾನು ಕೊಡಲಿಲ್ಲ ಅನ್ನುವುದು ನಿನಗೆ ಗೊತ್ತಾಗಲಿಲ್ಲವೆ? ವಾಕ್ಯದಲ್ಲಿ ಒಂದು ಬಿಂದು ಬಿಟ್ಟರೆ ಹಿಡಿಯುವವಳು ನೀನು. ಎರಡನೆಯ ಸಲ ನೀನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಮೂರು ಅಂತ ಹೇಳುತ್ತಿದ್ದೆ. ಹಾಗಾದರೆ ಭಾವ ಹೇಗೆ ಒಪ್ಪಿದರು? ಅವರಿಗೆ ನೀನು ಏನು ಹೇಳಿದೆ?

ಕತ್ತರಿ

ಡಿಸೆಂಬರ್ ೧೯

ಕತ್ತರಿ,

ಇದು ಕೊನೆಯ ಕಾಗದ.

ಒಂದೂವರೆ ಗಂಟೆಯ ವಿಷಯ ಹೇಳಿದ್ದಕ್ಕೆ, ಋಣಿ ಅನ್ನಲಾರೆ. ಹೇಳಿದೆ, ಅಷ್ಟೇ. ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ ಅಂತ ಯೋಚಿಸಿದೆ. ಎರಡು ಗಂಟೆಗೆ ಸಿಸ್ಟರ್ ಒಬ್ಬಳು ಹೊರಗೆ ಬಂದು, “ಇನ್ನೇನು ಮುಗೀತು, ಊಟ ಮಾಡ್ಕೊಂಡು ಬನ್ನಿ” ಅಂದಳು. ಹೋಗಿ ಊಟ ಮಾಡಿದೆ. ಹಸಿವೂ ಆಗಿತ್ತು.

ನಿನ್ನ ಪ್ರಶ್ನೆಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳಬಹುದಿತ್ತು. ಹೇಗೆ ಅಂತ ನಿನ್ನಿಂದಲೇ ಕಲಿಯಬಹುದಿತ್ತು. ಆದರೆ ಹತ್ತು ತಿಂಗಳಿಂದ ಯಾರೂ ಕೇಳದಿದ್ದದ್ದನ್ನು ನೀನು ಕೇಳಿದ್ದೀಯ. ನಿನ್ನ ಜನವರಿ ಇಪ್ಪತ್ತಮೂರರ ಕಾಗದ ಬಂದ ದಿನ ಇವರು ಅಡಿಗೆಮನೆಯ ಮೇಜಿನ ಹತ್ತಿರ ಕೂತಿದ್ದರು. ಕಾಗದ ಓದಿದೆ. ಅದರಲ್ಲಿ ಸಂಖ್ಯೆಯಿಲ್ಲ ಅನ್ನುವುದು ಮೊದಲ ಸಾಲಿಗೇ ಕಂಡಿತು. ಕಂಡದ್ದನ್ನು ಕಾಣದ ಹಾಗೆ ಮಡಚಿದೆ. “ಏನಂತೆ, ಎಷ್ಟಂತೆ?” ಅಂದರು. “ಅರವತ್ತು” ಅಂದೆ. ಒಲೆಯ ಕಡೆ ತಿರುಗಿಕೊಂಡು ಹೇಳಿದೆ. ಹಿಂದೆ ಪೆನ್ನಿನ ಮುಚ್ಚಳ ತೆಗೆದ ಶಬ್ದ ಕೇಳಿಸಿತು. ಡೈರಿಯಲ್ಲಿ ಬರೆದುಕೊಂಡರು. ಆ ಪುಟ ಈಗಲೂ ಇದೆ: ಮೇಲೆ ಮೇಷ್ಟ್ರ ಇನ್ನೂರ ಹನ್ನೆರಡು, ಒಂಬತ್ತು. ಕೆಳಗೆ ಅರವತ್ತು. ಅದರ ಪಕ್ಕ ಏನೂ ಬರೆದಿಲ್ಲ. “ಸರಿ ಹಾಗಾದ್ರೆ” ಅಂದರು. ಅಷ್ಟೇ ನಡೆದದ್ದು. ಕಳ್ಳ ತೂಕದ ಕಲ್ಲನ್ನು ಅಂಗೈಯಲ್ಲಿ ಹಿಡಿದೇ ಗುರುತಿಸುತ್ತಿದ್ದ ಮನುಷ್ಯ ನನ್ನ ಮಾತನ್ನು ಕೈಗೆತ್ತಿಯೂ ನೋಡಲಿಲ್ಲ.

ನೀನು ನನಗೆ ಮಾಡಿದ್ದನ್ನು ನಾನು ಅವರಿಗೆ ಮಾಡಿದೆ. ಒಂದೇ ವ್ಯತ್ಯಾಸ: ನೀನು ಸುಳ್ಳು ಹೇಳದೆ ಮಾಡಿದೆ. ನನಗೆ ಅಷ್ಟು ಜಾಣತನ ಇರಲಿಲ್ಲ.

ಆದ್ದರಿಂದ ನಿನ್ನನ್ನು ಕ್ಷಮಿಸಿದೆ ಅಂತ ತಿಳಿಯಬೇಡ. ಕ್ಷಮಿಸಿಲ್ಲ. ಕ್ಷಮಿಸುವ ಅಧಿಕಾರ ನನಗಿಲ್ಲ ಅನ್ನುವುದು ಬೇರೆ ಮಾತು. ನನಗೆ ಇರಬೇಕಾಗಿದ್ದ ಒಂದು ಶುದ್ಧವಾದ ಸಿಟ್ಟನ್ನೂ ನೀನು ಆ ಪ್ರಶ್ನೆ ಕೇಳಿ ಕಿತ್ತುಕೊಂಡೆ.

ಆ ಸಾಲು ‘ಬಾಗಿಲೇ ಬೇಕಿತ್ತೆ’ ಅಂತಲೇ ಇತ್ತು. ಹಳೆಯ ಟ್ರಂಕಿನಲ್ಲಿ ಪತ್ರಿಕೆ ಸಿಕ್ಕಿತು. ಅದು ಪ್ರಶ್ನೆಯೇ. ನಿನಗೆ ಪ್ರಶ್ನೆ ನೆನಪಿರಲಿಲ್ಲ, ನನಗೆ ಉತ್ತರ ಬೇಕಿರಲಿಲ್ಲ.

ಇನ್ನು ಮುಂದೆ ಲೇಖನ ಬೇರೆ ಯಾರಿಗಾದರೂ ಕಳಿಸಲು ನಿನ್ನ ಸಹಾಯಕಿಗೆ ಹೇಳು. ‘ಎಷ್ಟು ಮಾಡಿದ್ದೀರಿ’ ಅಂತ ಯಾರಾದರೂ ಕೇಳಿದರೆ, ಅವರು ತೆಳ್ಳಗಿದ್ದರೂ, ಸಂಖ್ಯೆ ಹೇಳು.

ಪದ್ಯ

ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದು ಇದನ್ನು ಸೇರಿಸುತ್ತಿದ್ದೇನೆ. ಯಾಕೆ ನಿನಗೇ ಬರೆಯಬೇಕು ಗೊತ್ತಿಲ್ಲ. ಬೇರೆ ಯಾರಿಗೂ ಇದು ಅರ್ಥವಾಗುವುದಿಲ್ಲ, ಅದಕ್ಕಿರಬೇಕು.

ಈಗ ಸಂಜೆ ನಾಲ್ಕಕ್ಕೆ ಕೆಳಗಿನ ಮನೆಯ ಟೈಲರ್ ಅಕ್ಕ ಬಂದಿದ್ದರು. ಅವರಿಗೆ ಕಣ್ಣು ಮಂಜಾಗಿ ಹೊಲಿಗೆ ನಿಲ್ಲಿಸಿ ಆರು ತಿಂಗಳಾಯಿತು, ಮಗಳ ಮನೆಗೆ ಹೋಗಿಬಿಡುತ್ತಾರೆ, ಅಂಗಡಿ ಖಾಲಿ ಮಾಡುತ್ತಿದ್ದಾರೆ. ಎಷ್ಟು ಕರೆದರೂ ಒಳಗೆ ಬರಲಿಲ್ಲ. ಕೈಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ. ಬಿಚ್ಚಿದೆ. ಇವರ ಬೂದು ಬಣ್ಣದ ಪ್ಯಾಂಟು. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಸೊಂಟ ಕಿರಿದು ಮಾಡಿಸಲು ಕೊಟ್ಟಿದ್ದರಂತೆ. ನನಗೆ ಹೇಳಿರಲಿಲ್ಲ. ಅಕ್ಕ ಹೊಸ್ತಿಲ ಆಚೆ ನಿಂತುಕೊಂಡೇ ಹೇಳಿದರು:

“ಆಗ್ಲೇ ಕೊಡಬೇಕಿತ್ತು ಕಣಮ್ಮಾ, ನಿನ್ನ ಮುಖ ನೋಡಿ ಕೈ ಬರಲಿಲ್ಲ. ಇವತ್ತು ಕಪಾಟಿನ ತಳದಲ್ಲಿ ಸಿಕ್ತು. ಅವತ್ತು ನಾನೇ ಕೇಳಿದೆ, ‘ಡಾಕ್ಟರಮ್ಮ ಪಳಗಿದ ಕೈಯೇನಪ್ಪಾ?’ ಅಂತ. ‘ಅರವತ್ತು ಮಾಡಿದ್ದಾರಂತೆ ಅಕ್ಕಾ’ ಅಂದ್ರು, ನಕ್ಕರು. ‘ನಮ್ಮವಳಿಗೆ ಎಣಿಸದೇ ಇದ್ದದ್ದೆಲ್ಲ ಅರವತ್ತೇ. ಕಪಾಟಿನಲ್ಲಿ ಪುಸ್ತಕ ಎಷ್ಟಿದೆ ಅಂದ್ರೂ ಅರವತ್ತು, ಮದುವೆಗೆ ಎಷ್ಟು ಜನ ಬಂದಿದ್ರು ಅಂದ್ರೂ ಅರವತ್ತು. ಡಾಕ್ಟರಮ್ಮ ಸಂಖ್ಯೆ ಹೇಳಿಲ್ಲ, ಇವಳೇ ಹೇಳಿದಾಳೆ’ ಅಂದ್ರು. ‘ಗೊತ್ತಿದ್ದೂ ಯಾಕಪ್ಪಾ ಹೋಗ್ತೀಯ?’ ಅಂದೆ ನಾನು. ‘ಹೋಗಲಿ ಬಿಡಿ ಅಕ್ಕಾ, ಇಷ್ಟು ವರ್ಷದಲ್ಲಿ ಅವಳು ನನ್ನ ಹತ್ರ ಏನೂ ಬೇಕು ಅಂದಿಲ್ಲ, ಇದೊಂದು ಬೇಕು ಅಂತಿದಾಳೆ’ ಅಂದ್ರು. ಆಮೇಲೆ ಮೆಟ್ಟಿಲು ಹತ್ತಿದವರು ಮತ್ತೆ ಇಳಿದು ಬಂದು, ‘ಬಟ್ಟೆ ಕತ್ತರಿಸಬೇಡಿ ಅಕ್ಕಾ, ಒಳಗೇ ಮಡಚಿ ಹೊಲೀರಿ, ವಾಪಸ್ ಬಂದು ದಪ್ಪ ಆಗ್ತೀನಿ’ ಅಂದ್ರು. ನಾನು ಕತ್ತರಿಸಿಲ್ಲಮ್ಮಾ. ಎರಡಿಂಚೂ ಒಳಗೇ ಇದೆ ನೋಡು. ಹೊಲಿಗೆ ಬಿಚ್ಚಿದ್ರೆ ಮೊದಲಿನ ಅಳತೆಗೇ ಬರುತ್ತೆ.”